ಶೋನಾ ಭಾಷೆಯ ಟೋನ್ ಚಿತ್ರಗಳನ್ನು ವೆಬ್ ಪುಟಕ್ಕೆ ತರುವುದು ಹೇಗೆ?

ಪ್ರಶ್ನೆ: ನಾನು ಮೈಸೂರಿನಲ್ಲಿ ವೆಬ್ ಕೆಲಸ ಮಾಡುತ್ತೇನೆ. ಜಿಂಬಾಬ್ವೆಯ ಶೋನಾ ಭಾಷೆಯ ಟೋನ್ ಬಗ್ಗೆ ಪಾಠದ ಪುಟಗಳನ್ನು ಮಾಡಿಕೊಡುವ ಕೆಲಸ ಬಂದಿದೆ. ಭಾಷಾವಿಜ್ಞಾನದವರು ಕಳಿಸಿರುವ ಚಿತ್ರಗಳಲ್ಲಿ ಮೇಲೆ ಎಚ್, ಎಲ್ ಎಂಬ ಅಕ್ಷರಗಳಿವೆ, ಕೆಳಗೆ ಪದ, ನಡುವೆ ಗೆರೆಗಳು. ಕೆಲವು ಗೆರೆ ತುಂಡು ತುಂಡು, ಕೆಲವಕ್ಕೆ ಅಡ್ಡ ಕಡ್ಡಿ. ಸ್ಕ್ರೀನ್‌ಶಾಟ್ ಹಾಕಿದರೆ ಮೊಬೈಲಿನಲ್ಲಿ ಮಸುಕಾಗುತ್ತದೆ. ಟೇಬಲ್ ಮಾಡಿದರೆ ಗೆರೆ ಅಕ್ಷರದ ಮೇಲೆ ಕೂರುವುದಿಲ್ಲ. ಏನು ಮಾಡಲಿ? ಕನ್ನಡದಲ್ಲೂ ಒಂದು ಆವೃತ್ತಿ ಬೇಕಂತೆ. ಅದರಲ್ಲಿ ಟೋನ್ ಗುರುತು ಹೇಗೆ ಹಾಕುವುದು?

ಉತ್ತರ: ಚಿತ್ರಗಳನ್ನು ಎಷ್ಟು ದೊಡ್ಡದು ಮಾಡಿದರೂ ಮಸುಕಾಗದ ಚಿತ್ರರೂಪವಾದ ಎಸ್‌ವಿಜಿಯಲ್ಲಿ ಮಾಡಿ, ಅದನ್ನು ಬೇರೆ ಫೈಲಾಗಿ ಇಡದೆ ಪುಟದ ಎಚ್‌ಟಿಎಂಎಲ್ ಒಳಗೇ ಸೇರಿಸಿ. ಆದರೆ ಒಂದೊಂದು ಚಿತ್ರವನ್ನೂ ಕೈಯಿಂದ ಬಿಡಿಸುತ್ತಾ ಕೂರಬೇಡಿ. ಪ್ರತಿ ಚಿತ್ರಕ್ಕೂ ಮೂರು ಪಟ್ಟಿ ಬರೆದಿಡಿ. ಟೋನ್‌ಗಳು ಯಾವುವು, ಸ್ವರಗಳು ಯಾವುವು, ಯಾವ ಟೋನಿನಿಂದ ಯಾವ ಸ್ವರಕ್ಕೆ ಗೆರೆ ಇದೆ. ಚಿತ್ರ, ಅದರ ಕೆಳಗಿನ ವಿವರಣೆ, ಹುಡುಕಾಟಕ್ಕೆ ಬೇಕಾದ ಪಠ್ಯ ಮೂರೂ ಆ ಪಟ್ಟಿಯಿಂದಲೇ ಬರಲಿ. ನಿಮ್ಮ ಪ್ರಶ್ನೆಗೆ ಚಿಕ್ಕ ಉತ್ತರ ಇಷ್ಟೇ. ಯಾಕೆ ಹಾಗೆ ಅನ್ನುವುದಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು. ಈ ಚಿತ್ರಗಳು ಏನು ಹೇಳುತ್ತಿವೆ ಎಂದು ತಿಳಿಯದೆ ಮಾಡಿದರೆ, ನೋಡೋಕೆ ಚೆನ್ನಾಗಿದ್ದೂ ತಪ್ಪು ಹೇಳುವ ಪುಟ ತಯಾರಾಗುತ್ತದೆ.

ಬಂಟು ಭಾಷೆಗಳು ಸುಮಾರು ಐನೂರು ಇವೆ. ಕ್ಯಾಮರೂನ್‌ನಿಂದ ಕೆಳಗೆ ದಕ್ಷಿಣ ಆಫ್ರಿಕಾದವರೆಗೂ ಹರಡಿವೆ. ನಮ್ಮಲ್ಲಿ ಹೆಚ್ಚು ಜನ ಹೆಸರು ಕೇಳಿರುವ ಸ್ವಾಹಿಲಿಯಲ್ಲಿ ಟೋನ್ ಇಲ್ಲ. ಉಳಿದವುಗಳಲ್ಲಿ ಬಹುಪಾಲು ಭಾಷೆಗಳಲ್ಲಿ ಇದೆ. ದನಿ ಏರಿಸಿ ಹೇಳುತ್ತೀರೋ ಇಳಿಸಿ ಹೇಳುತ್ತೀರೋ ಎನ್ನುವುದರ ಮೇಲೆ ಪದದ ಅರ್ಥವೋ ಕ್ರಿಯಾಪದದ ಕಾಲವೋ ಬದಲಾಗಬಹುದು. ಶೋನಾದಲ್ಲಿ ಎರಡೇ ಮಟ್ಟ, ಏರು ಮತ್ತು ಇಳಿ. ನಿಮ್ಮ ಚಿತ್ರದ ಎಚ್ ಅಂದರೆ ಏರು, ಎಲ್ ಅಂದರೆ ಇಳಿ. ಶೋನಾದ ದಿನನಿತ್ಯದ ಬರವಣಿಗೆಯಲ್ಲಿ ಇದಕ್ಕೆ ಯಾವ ಗುರುತೂ ಇಲ್ಲ. ಹರಾರೆಯ ಪೇಪರ್ ಓದುವವರು ಸಂದರ್ಭ ನೋಡಿಯೇ ದನಿ ಹಾಕಿಕೊಳ್ಳುತ್ತಾರೆ. ಭಾಷಾವಿಜ್ಞಾನದವರು ಮಾತ್ರ ಏರು ಇರುವ ಸ್ವರದ ತಲೆಯ ಮೇಲೆ ಒಂದು ಓರೆ ಗೀಟು ಹಾಕುತ್ತಾರೆ.

ಹಾಗಾದರೆ ಗೀಟು ಹಾಕಿದರೆ ಸಾಕಲ್ವಾ, ಚಿತ್ರ ಯಾಕೆ? ಇದಕ್ಕೆ ಉತ್ತರ ಸಿಗುವುದು ಶೋನಾದಲ್ಲೇ. ಇಲ್ಲಿ ನಾನು ಶೋನಾ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು, ಏರು ಎಲ್ಲಿದೆ ಎಂದು ಬಾಯಿಮಾತಿನಲ್ಲಿ ಹೇಳುತ್ತೇನೆ.

'ಹೊವೆ' ಅಂದರೆ ಮೀನು. ಎರಡೂ ಸ್ವರ ಏರು. ಇದರ ಮುಂದೆ 'ನೆ' ಸೇರಿಸಿದರೆ 'ನೆಹೊವೆ', ಅಂದರೆ ಮೀನಿನ ಜೊತೆ. ಈ 'ನೆ' ತಾನೇ ಏರು. ಅದು ಬಂದ ಕೂಡಲೇ 'ಹೊವೆ'ಯ ಎರಡೂ ಸ್ವರ ಇಳಿದುಬಿಡುತ್ತವೆ. ಒಂದು ಏರಿನ ಪಕ್ಕದಲ್ಲೇ ಇನ್ನೊಂದು ಏರು ಬಂದರೆ ಎರಡನೆಯದು ಇಳಿಯುತ್ತದೆ. ಬಂಟು ಭಾಷೆಗಳಲ್ಲಿ ಮತ್ತೆ ಮತ್ತೆ ಸಿಗುವ ಈ ನಿಯಮಕ್ಕೆ ಬೆಲ್ಜಿಯಂನ ವಿದ್ವಾಂಸ ಮೇಯುಸನ್ ಅವರ ಹೆಸರಿದೆ.

ಸರಿ, ಆದರೆ ಇಳಿಯಬೇಕಾದ್ದು ಪಕ್ಕದ ಒಂದು ಏರು ತಾನೇ? 'ಹೊವೆ'ಯ ಎರಡನೇ ಸ್ವರ ಯಾಕೆ ಇಳಿಯಿತು? 'ಮ್ಬುಂಡುಡ್ಜಿ' ತೆಗೆದುಕೊಳ್ಳಿ. ಪೈರು ತಿನ್ನುವ ಸೈನಿಕ ಹುಳುಗಳಿಗೆ ಶೋನಾದ ಹೆಸರು. ಮೂರೂ ಸ್ವರ ಏರು. 'ಹಾಗೆ, ತರಹ' ಎಂಬ ಅರ್ಥದ 'ಸೆ' ಮುಂದೆ ಬಂದರೆ ಮೂರೂ ಒಟ್ಟಿಗೆ ಇಳಿಯುತ್ತವೆ. ಈಗ 'ಬೆಂಜಿಬ್ವುಂಜ' ನೋಡಿ. ಸದಾ ಪ್ರಶ್ನೆ ಕೇಳುತ್ತಲೇ ಇರುವ ಪೆದ್ದ ಎಂಬ ಅರ್ಥ. ಮೊದಲ ಎರಡು ಸ್ವರ ಏರು, ಮೂರನೆಯದು ಇಳಿ, ಕೊನೆಯದು ಮತ್ತೆ ಏರು. 'ಸೆ' ಬಂದಾಗ ಮೊದಲ ಎರಡು ಮಾತ್ರ ಇಳಿಯುತ್ತವೆ, ಕೊನೆಯದು ಹಾಗೇ ಉಳಿಯುತ್ತದೆ. 'ಹಕಟ' ಅಂದರೆ ಕಣಿ ಹೇಳುವವರ ಮೂಳೆಗಳು. ಅದರಲ್ಲಿ ಮೊದಲ ಎರಡು ಸ್ವರ ಏರು, ಕೊನೆಯದು ಇಳಿ. 'ನೆ' ಬಂದರೆ ಆ ಎರಡೂ ಒಟ್ಟಿಗೆ ಇಳಿಯುತ್ತವೆ.

ಭಾಷಾವಿಜ್ಞಾನಿ ಡೇವಿಡ್ ಓಡನ್ ಅವರು 1980ರ ದಶಕದಲ್ಲಿ ಈ ಪದಗಳನ್ನಿಟ್ಟುಕೊಂಡು ಮಾಡಿದ ವಾದ ಈ ಕ್ಷೇತ್ರದಲ್ಲಿ ಬಹಳ ಪ್ರಸಿದ್ಧ. 'ಮ್ಬುಂಡುಡ್ಜಿ'ಯಲ್ಲಿ ಮೂರು ಸ್ವರ ಏರಾಗಿದ್ದರೂ ಒಳಗೆ ಇರುವ ಎಚ್ ಒಂದೇ. ಆ ಒಂದು ಎಚ್‌ನಿಂದ ಮೂರು ಸ್ವರಕ್ಕೂ ಗೆರೆ ಹೋಗಿದೆ. ಎಚ್ ಬಿದ್ದರೆ ಅದಕ್ಕೆ ಅಂಟಿಕೊಂಡ ಮೂರೂ ಬೀಳುತ್ತವೆ. 'ಬೆಂಜಿಬ್ವುಂಜ'ದಲ್ಲಿ ಎಚ್ ಎರಡು. ಬೀಳುವುದು ಮೊದಲನೆಯದು ಮಾತ್ರ. ಟೋನ್‌ಗಳನ್ನು ಸ್ವರಗಳಿಂದ ಬಿಡಿಸಿ ಬೇರೆ ಸಾಲಿನಲ್ಲಿಟ್ಟು, ನಡುವೆ ಗೆರೆ ಎಳೆಯುವ ಈ ಪದ್ಧತಿಗೆ ಗಟ್ಟಿ ರೂಪ ಕೊಟ್ಟದ್ದು ಜಾನ್ ಗೋಲ್ಡ್‌ಸ್ಮಿತ್. 1976ರಲ್ಲಿ ಎಂಐಟಿಯಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ.

ಈಗ ನಿಮ್ಮ ಕೆಲಸಕ್ಕೆ ಬನ್ನಿ. ಓರೆ ಗೀಟು ಹಾಕಿ ಬರೆದರೆ ಒಂದು ಎಚ್ ಮೂರು ಸ್ವರಕ್ಕೆ ಅಂಟಿದೆಯೋ, ಮೂರು ಎಚ್ ಬೇರೆ ಬೇರೆ ಇವೆಯೋ ಗೊತ್ತಾಗುವುದಿಲ್ಲ. ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಇರುವುದು ಗೆರೆಗಳಲ್ಲಿ ಮಾತ್ರ. ಆದ್ದರಿಂದ ನಿಮ್ಮ ಪುಟದಲ್ಲಿ ಗೆರೆ ಅರ್ಧ ಅಕ್ಷರದಷ್ಟು ಪಕ್ಕಕ್ಕೆ ಸರಿದರೆ ಅದನ್ನು ವಿನ್ಯಾಸದ ಸಣ್ಣ ತೊಂದರೆ ಎಂದು ಬಿಡುವ ಹಾಗಿಲ್ಲ. ವಾದವೇ ಬದಲಾಗುತ್ತದೆ. ಕಣ್ಣಿಲ್ಲದವರಿಗೆ ಸ್ಕ್ರೀನ್ ರೀಡರ್ ಬರೀ 'ಚಿತ್ರ' ಎಂದು ಓದಿ ಮುಂದೆ ಹೋದರೆ ಅವರಿಗೆ ಪಾಠದ ತಿರುಳೇ ಸಿಗಲಿಲ್ಲ.

ಬೇರೆ ದಾರಿಗಳು ಯಾಕೆ ಬೇಡ ಎಂದು ಬೇಗ ಹೇಳುತ್ತೇನೆ. ಪಿಎನ್‌ಜಿ, ಜೆಪೆಗ್ ಚಿತ್ರಗಳು ದೊಡ್ಡದು ಮಾಡಿದರೆ ಒಡೆಯುತ್ತವೆ, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಚೌಕವಾಗಿ ಎದ್ದು ಕಾಣುತ್ತವೆ, ಒಳಗಿನ ಪದವನ್ನು ಹುಡುಕಲೂ ಆಗುವುದಿಲ್ಲ, ನಕಲು ಮಾಡಲೂ ಆಗುವುದಿಲ್ಲ. ಟೇಬಲ್‌ನಲ್ಲಿ ಓರೆ ಗೆರೆ ಎಳೆಯಲು ದಾರಿಯೇ ಇಲ್ಲ. ಒಂದು ಎಚ್‌ನಿಂದ ಮೂರು ಕಡೆಗೆ ಗೆರೆ ಹೋಗಬೇಕಾದಾಗ ಟೇಬಲ್ ಸೋತುಹೋಗುತ್ತದೆ. ಕೀಬೋರ್ಡಿನ ಓರೆ ಗೀಟು, ನಿಲುಗೀಟುಗಳನ್ನು ಜೋಡಿಸಿ ಸಮ ಅಗಲದ ಫಾಂಟಿನಲ್ಲಿ ಚಿತ್ರ ಮಾಡುವ ಹಳೆಯ ಪದ್ಧತಿ ಇಮೇಲಿಗೆ ಸರಿ. ವೆಬ್ಬಿನಲ್ಲಿ ಫೋನ್ ಬದಲಾದರೆ ಫಾಂಟ್ ಬದಲಾಗುತ್ತದೆ, ಫಾಂಟ್ ಬದಲಾದರೆ ಗೆರೆ ಬೇರೆ ಸ್ವರಕ್ಕೆ ಹೋಗಿ ನಿಲ್ಲುತ್ತದೆ.

ಎಸ್‌ವಿಜಿಗೆ ಬರೋಣ. ಮೊದಲು ಪಟ್ಟಿ ಹೇಗಿರಬೇಕು ನೋಡಿ. 'ಸೆ' ಸೇರಿದ ಸೈನಿಕ ಹುಳುವಿನ ಉದಾಹರಣೆಯನ್ನೇ ತೆಗೆದುಕೊಂಡರೆ, ನಿಯಮ ಹತ್ತುವ ಮೊದಲು ಅದು ಹೀಗಿರುತ್ತದೆ:

ಟೋನ್: ಎಚ್, ಎಚ್
ತುಂಡುಗಳು: ಸೆ, ಮ್ಬು, ನ್ಡು, ಡ್ಜಿ
ಗೆರೆ: 1-1, 2-2, 2-3, 2-4

ಅಷ್ಟೇ. ಮೊದಲ ಅಂಕಿ ಟೋನಿನದು, ಎರಡನೆಯದು ತುಂಡಿನದು, ಅಂದರೆ ಒಂದು ಸ್ವರ ಇರುವ ಉಚ್ಚಾರದ ಭಾಗದ್ದು. ಗೆರೆಯ ಬಗೆ ಹೇಳಲು ಅಂಕಿಗಳ ಮುಂದೆ ಒಂದು ಗುರುತು ಸೇರಿಸಿ. ಮೊದಲೇ ಇದ್ದ ಗೆರೆಗೆ ಏನೂ ಬೇಡ. ನಿಯಮದಿಂದ ಹೊಸದಾಗಿ ಬಂದ ಗೆರೆಗೆ ಕೂಡಿಸುವ ಗುರುತು, ಕತ್ತರಿಸಿದ ಗೆರೆಗೆ ಕಳೆಯುವ ಗುರುತು ಸಾಕು. ಯಾವ ಸ್ವರಕ್ಕೂ ಅಂಟದೆ ತೇಲುವ ಟೋನ್ ಇದ್ದರೆ ಅದಕ್ಕೆ ಗೆರೆಯೇ ಇರುವುದಿಲ್ಲ. ಚಿತ್ರದಲ್ಲಿ ಅದರ ಸುತ್ತ ವೃತ್ತ ಬರಲಿ.

ಪಟ್ಟಿ ಇಟ್ಟುಕೊಂಡರೆ ಇನ್ನೊಂದು ಲಾಭ. ಈ ಪದ್ಧತಿಯಲ್ಲಿ ಒಂದು ಕಡ್ಡಾಯದ ನಿಯಮ ಇದೆ, ಗೆರೆಗಳು ಒಂದನ್ನೊಂದು ದಾಟಬಾರದು. ಟೋನ್ ಅಂಕಿ ಏರುತ್ತಾ ಹೋದ ಹಾಗೆ ತುಂಡಿನ ಅಂಕಿ ಹಿಂದಕ್ಕೆ ಬರಬಾರದು, ಅಷ್ಟೇ ಪರೀಕ್ಷೆ. ನಾಲ್ಕು ಸಾಲಿನ ಕೋಡ್. ಟೈಪ್ ಮಾಡುವಾಗ 2-3 ಎನ್ನುವ ಕಡೆ 3-2 ಬಿದ್ದಿದ್ದರೆ ಪುಟ ಹೊರಗೆ ಹೋಗುವ ಮೊದಲೇ ಸಿಕ್ಕಿಬೀಳುತ್ತದೆ. ಚಿತ್ರ ಕೈಯಲ್ಲಿ ಬಿಡಿಸಿದಾಗ ಈ ಭಾಗ್ಯ ಇಲ್ಲ.

ಈಗ ಎಲ್ಲರೂ ಎಡವುವ ಜಾಗ. ಗೆರೆ ಹೋಗಿ ಮುಟ್ಟಬೇಕಾದ್ದು ಸ್ವರದ ತಲೆಗೆ. ಆದರೆ ಲ್ಯಾಟಿನ್ ಲಿಪಿಯಲ್ಲಿ 'ಡ್ಜಿ' ಬರೆದರೆ ಮೂರು ಅಕ್ಷರ, ಸ್ವರ ಕೊನೆಗೆ. ಇಡೀ ತುಂಡನ್ನು ನಡುವಿಗೆ ಹೊಂದಿಸಿದರೆ ಗೆರೆ ವ್ಯಂಜನದ ಮೇಲೆ ಬೀಳುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಪ್ರತಿ ಅಕ್ಷರದ ಅಗಲ ಅಳೆದು ಸ್ವರ ಎಲ್ಲಿದೆ ಎಂದು ಕಂಡುಹಿಡಿಯಬಹುದು, ಬ್ರೌಸರ್ ಅದಕ್ಕೆ ಸೌಲಭ್ಯ ಕೊಡುತ್ತದೆ. ಆದರೆ ಅದರಲ್ಲಿ ಎರಡು ತೊಡಕುಗಳಿವೆ. ಫಾಂಟ್ ಇಳಿದು ಬರುವ ಮೊದಲೇ ಅಳೆದರೆ ಲೆಕ್ಕ ತಪ್ಪು, ಫಾಂಟ್ ಬಂದಮೇಲೆ ಪದ ಸರಿಯುತ್ತದೆ, ಗೆರೆ ಅಲ್ಲೇ ಉಳಿಯುತ್ತದೆ. ಇನ್ನು, ಸ್ವರದ ಮೇಲಿನ ಓರೆ ಗೀಟು ಬೇರೆ ಕೋಡ್ ಆಗಿ ಕೂತಿದ್ದರೆ ಅದನ್ನೂ ಒಂದು ಅಕ್ಷರ ಎಂದು ಎಣಿಸಿ ಅಂಕಿ ಒಂದು ಮುಂದಕ್ಕೆ ಹೋಗುತ್ತದೆ.

ಅಳತೆಯೇ ಬೇಡವಾಗುವ ದಾರಿ ಇದೆ. ಶೋನಾದಲ್ಲಿ ಪ್ರತಿ ಉಚ್ಚಾರದ ತುಂಡೂ ಸ್ವರದಲ್ಲೇ ಮುಗಿಯುತ್ತದೆ. ಬಂಟು ಭಾಷೆಗಳಲ್ಲಿ ಬಹಳಷ್ಟು ಕಡೆ ಹೀಗೇ. ಅದನ್ನು ಬಳಸಿಕೊಳ್ಳಿ. ಪ್ರತಿ ತುಂಡಿಗೂ ಒಂದೇ ಅಗಲದ ಕಂಬಸಾಲು (ಕಾಲಮ್) ಕೊಡಿ. ಅಕ್ಷರದ ಗಾತ್ರ 20 ಇದ್ದರೆ ಕಂಬಸಾಲಿಗೆ 60 ಸಾಕು. ತುಂಡನ್ನು ನಡುವಿಗೆ ಹೊಂದಿಸುವ ಬದಲು, ಅದರ ಬಲ ತುದಿ ಕಂಬಸಾಲಿನ ನಡುಗೆರೆಗಿಂತ 5 ಆಚೆಗೆ ಬಂದು ನಿಲ್ಲುವ ಹಾಗೆ ಇಡಿ. ಅ, ಎ, ಒ, ಉ ಸ್ವರಗಳ ಲ್ಯಾಟಿನ್ ಅಕ್ಷರಗಳು ಸುಮಾರಾಗಿ ಗಾತ್ರದ ಅರ್ಧದಷ್ಟು ಅಗಲ, ಅಂದರೆ 10. ಹೀಗಾಗಿ ಸ್ವರದ ನಡು ಸರಿಯಾಗಿ ಕಂಬಸಾಲಿನ ನಡುವಿಗೆ ಬರುತ್ತದೆ. ಇ ಮಾತ್ರ ತೆಳು, ಅದಕ್ಕೆ 5ರ ಬದಲು 3 ಇಡಿ. ಎಡಕ್ಕೆ ಎಷ್ಟು ವ್ಯಂಜನ ಇದ್ದರೂ ಗೆರೆ ಸ್ವರಕ್ಕೇ ಬೀಳುತ್ತದೆ. ಫಾಂಟ್ ಸ್ವಲ್ಪ ಬದಲಾದರೂ ಕೆಡುವುದಿಲ್ಲ. ಜಾವಾಸ್ಕ್ರಿಪ್ಟ್ ಬೇಕಿಲ್ಲವಾದ್ದರಿಂದ ಚಿತ್ರಗಳನ್ನೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಪೈಥಾನಿನಿಂದ ತಯಾರಿಸಿ ಪುಟದಲ್ಲಿ ಕೂರಿಸಿಬಿಡಬಹುದು. ಒಂದು ಚಿತ್ರ ಒಂದೆರಡು ಕೆಬಿ ಆಗುತ್ತದೆ. ಮೊಬೈಲ್ ಡೇಟಾ ಲೆಕ್ಕ ಹಾಕಿ ಬಳಸುವ ವಿದ್ಯಾರ್ಥಿಗೆ ಅದು ದೊಡ್ಡ ಅನುಕೂಲ.

ಎಚ್ ಅನ್ನು ಮೂರು ಕಂಬಸಾಲುಗಳ ನಡುವೆ, ಅಂದರೆ ಅದು ಅಂಟಿರುವ ಸ್ವರಗಳ ಸರಾಸರಿ ಜಾಗದಲ್ಲಿ ಇಡಿ. ಗೆರೆ ಅಕ್ಷರವನ್ನು ಮುಟ್ಟದೆ ಎರಡೂ ತುದಿಯಲ್ಲಿ 6ರಷ್ಟು ಜಾಗ ಬಿಡಲಿ. ಚಿತ್ರದೊಳಗಿನ ಸ್ವರಗಳ ಮೇಲೆ ಓರೆ ಗೀಟು ಹಾಕಬೇಡಿ. ಗೆರೆಯೂ ಗೀಟೂ ಒಂದೇ ಜಾಗಕ್ಕೆ ಜಗಳ ಮಾಡುತ್ತವೆ. ಏರು ಯಾವುದು ಎಂದು ಎಚ್ ಹೇಳುತ್ತಿದೆಯಲ್ಲ, ಮತ್ತೆ ಗೀಟು ಯಾಕೆ? ಗೀಟು ಹಾಕಿದ ಪೂರ್ತಿ ಪದವನ್ನು ಚಿತ್ರದ ಕೆಳಗಿನ ಸಾಲಿನಲ್ಲಿ ಕೊಡಿ.

ತುಂಡು ಗೆರೆಗೆ ಹರಡುವ ನಿಯಮ ಒಳ್ಳೆಯ ಉದಾಹರಣೆ. 'ಕುತೆಂಗೆಸೆರ' ಅಂದರೆ ಒಬ್ಬರಿಗೆ ಮಾರುವುದು. ಧಾತುವಿನ ಏರು 'ತೆ' ಮೇಲಿದೆ. ಅದು ಬಲಕ್ಕೆ ಇನ್ನೆರಡು ಸ್ವರಗಳಿಗೆ ಹರಡುತ್ತದೆ, 'ರ' ಮಾತ್ರ ಹೊರಗುಳಿಯುತ್ತದೆ. ಒಬ್ಬರಿಗೊಬ್ಬರು ಮಾರಿಕೊಳ್ಳುವುದು ಎನ್ನಲು ಪದ ಉದ್ದವಾಗಿ 'ಕುತೆಂಗೆಸೆರನ' ಆದರೂ ಏರು ಅಷ್ಟಕ್ಕೇ ನಿಲ್ಲುತ್ತದೆ. ಚಿತ್ರದಲ್ಲಿ 'ತೆ'ಗೆ ಪೂರ್ತಿ ಗೆರೆ, ಮುಂದಿನ ಎರಡಕ್ಕೆ ತುಂಡು ಗೆರೆ, 'ರ'ಕ್ಕೆ ಏನೂ ಇಲ್ಲ. ಎಸ್‌ವಿಜಿಯಲ್ಲಿ ತುಂಡು ಗೆರೆ ಸುಲಭ. ಗೆರೆ 4, ಖಾಲಿ 3 ಎಂದು ಕೊಟ್ಟರೆ ಚಿಕ್ಕ ಗೆರೆಯಲ್ಲೂ ನಾಲ್ಕೈದು ತುಂಡು ಕಾಣುತ್ತವೆ. ಜಾಸ್ತಿ ಉದ್ದದ ತುಂಡು ಕೊಟ್ಟರೆ ಫೋನಿನಲ್ಲಿ ಅದು ಪೂರ್ತಿ ಗೆರೆಯ ಹಾಗೇ ಕಾಣಿಸಿ ಹಳೆಯದೂ ಹೊಸದೂ ಒಂದೇ ಆಗಿಬಿಡುತ್ತದೆ. ಹೊಸ ಗೆರೆಗೆ ಕೆಂಪು ಬಣ್ಣ ಕೊಡುವ ಆಸೆ ಆಗುತ್ತದೆ. ಕೊಡಿ, ಆದರೆ ತುಂಡು ಗೆರೆ ಇದ್ದೇ ಇರಲಿ. ಬಣ್ಣ ಗುರುತಿಸಲು ಆಗದವರಿಗೂ ಕಪ್ಪು-ಬಿಳುಪು ಪ್ರಿಂಟಿಗೂ ಅದೊಂದೇ ಆಧಾರ.

ಕತ್ತರಿಸಿದ ಗೆರೆಯ ಮೇಲಿನ ಎರಡು ಅಡ್ಡ ಕಡ್ಡಿಗೆ ಸಮ ಚಿಹ್ನೆಯನ್ನು ತಿರುಗಿಸಿ ಅಂಟಿಸುವವರಿದ್ದಾರೆ. ಅದು ಫಾಂಟಿನ ಜೊತೆ ಅಲ್ಲಾಡುತ್ತದೆ. ಗೆರೆಯನ್ನು ಮೂರು ಬಿಂದುಗಳ ಗೆರೆಯಾಗಿ ಬರೆಯಿರಿ, ಎರಡು ತುದಿ ಮತ್ತು ಸರಿಯಾಗಿ ನಡು. ನಡುವಿನ ಬಿಂದುವಿಗೆ ಎರಡು ಚಿಕ್ಕ ಕಡ್ಡಿಗಳ ಮಾರ್ಕರ್ ಹಾಕಿ, ದಿಕ್ಕು ತಾನಾಗೇ ಹೊಂದಿಕೊಳ್ಳಲಿ ಎಂದು ಹೇಳಿಬಿಡಿ. ಗೆರೆ ಎಷ್ಟು ಓರೆಯಾಗಿದ್ದರೂ ಕಡ್ಡಿಗಳು ಅದಕ್ಕೆ ಅಡ್ಡವಾಗಿಯೇ ನಿಲ್ಲುತ್ತವೆ, ನೀವು ಕೋನ ಲೆಕ್ಕ ಹಾಕುವ ಗೋಜಿಲ್ಲ.

ಗೆರೆಗೂ ಅಕ್ಷರಕ್ಕೂ ಪುಟದ ಅಕ್ಷರ ಬಣ್ಣವೇ ಬರುವ ಹಾಗೆ ಮಾಡಿ. ಆಗ ರಾತ್ರಿ ಕಪ್ಪು ಹಿನ್ನೆಲೆಯಲ್ಲಿ ಓದುವವರಿಗೆ ಗೆರೆ ತಾನೇ ಬಿಳಿಯಾಗುತ್ತದೆ. ಎಸ್‌ವಿಜಿಯನ್ನು ಪುಟದೊಳಗೇ ಹಾಕಿ ಎಂದು ಮೊದಲು ಹೇಳಿದ್ದು ಇದಕ್ಕೇ. ಬೇರೆ ಫೈಲಾಗಿ ಚಿತ್ರದ ಟ್ಯಾಗಿನಲ್ಲಿ ಹಾಕಿದರೆ ಪುಟದ ಬಣ್ಣವೂ ಪುಟದ ಫಾಂಟೂ ಅದರೊಳಗೆ ಹೋಗುವುದಿಲ್ಲ.

ನಿಯಮದ ಮೊದಲು, ನಿಯಮದ ನಂತರ ಎಂದು ಎರಡು ಭಾಗ ಇರುವ ಚಿತ್ರವನ್ನು ಒಂದೇ ಉದ್ದ ಎಸ್‌ವಿಜಿ ಮಾಡಬೇಡಿ. ಎರಡು ಎಸ್‌ವಿಜಿ ಮಾಡಿ ನಡುವೆ ಬಾಣ ಇಡಿ. ಕಂಪ್ಯೂಟರಿನಲ್ಲಿ ಅಕ್ಕಪಕ್ಕ ನಿಲ್ಲುತ್ತವೆ, ಫೋನಿನಲ್ಲಿ ಒಂದರ ಕೆಳಗೊಂದು ಬರುತ್ತವೆ. ಎಂಟು ಹತ್ತು ತುಂಡುಗಳ ಉದ್ದ ಕ್ರಿಯಾಪದ ಬಂದರೆ ಕುಗ್ಗಿಸಬೇಡಿ. ಆ ಚಿತ್ರದ ಡಬ್ಬಿಯಷ್ಟೇ ಪಕ್ಕಕ್ಕೆ ಸರಿಯಲಿ.

ಫಾಂಟಿನ ವಿಷಯ. ಶೋನಾಕ್ಕೆ ಹೆಚ್ಚು ತಲೆಬಿಸಿ ಇಲ್ಲ. ಓರೆ ಗೀಟು ಹಾಕಿದ ಐದು ಸ್ವರಗಳಿಗೂ ಯೂನಿಕೋಡಿನಲ್ಲಿ ಸಿದ್ಧ ಅಕ್ಷರಗಳಿವೆ. ಇದೇ ಸಾಧನವನ್ನು ನಾಳೆ ಬೇರೆ ಬಂಟು ಭಾಷೆಗೆ ಬಳಸುವುದಾದರೆ ಕಷ್ಟ ಶುರುವಾಗುತ್ತದೆ. ಕೀನ್ಯಾದ ಕಿಕುಯು ಭಾಷೆಯ ಬರವಣಿಗೆಯಲ್ಲೇ ಇ ಮತ್ತು ಉ ಮೇಲೆ ಅಲೆಗೀಟು ಇರುವ ಅಕ್ಷರಗಳಿವೆ. ಅದರ ಮೇಲೆ ಟೋನಿನ ಗೀಟು ಬಂದರೆ ಒಂದರ ತಲೆ ಮೇಲೆ ಒಂದು ಕೂರಬೇಕು. ಎಲ್ಲ ಫಾಂಟಿಗೂ ಅದು ಬರುವುದಿಲ್ಲ. ಕೆಲವು ಫಾಂಟಿನಲ್ಲಿ ಎರಡೂ ಒಂದರೊಳಗೊಂದು ಸೇರಿ ಕಪ್ಪು ಚುಕ್ಕೆಯಾಗುತ್ತವೆ. ಎಸ್‌ಐಎಲ್ ಸಂಸ್ಥೆಯ ಚಾರಿಸ್, ಡೂಲೋಸ್, ಜೆಂಟಿಯಂ ಫಾಂಟುಗಳನ್ನು ಇಂಥ ಕೆಲಸಕ್ಕೆಂದೇ ಮಾಡಿದ್ದಾರೆ. ಮುಕ್ತ ಪರವಾನಗಿ ಇದೆ, ನಿಮ್ಮ ಸರ್ವರಿನಲ್ಲೇ ಇಟ್ಟು ಬಳಸಬಹುದು. ಓದುವವರ ಫೋನಿನಲ್ಲಿ ಇರುತ್ತದೆ ಎಂದು ನಂಬಿ ಕೂರಬೇಡಿ.

ಒಂದೇ ಅಕ್ಷರವನ್ನು ಯೂನಿಕೋಡಿನಲ್ಲಿ ಎರಡು ಥರ ಬರೆಯಬಹುದು ಎನ್ನುವುದನ್ನೂ ನೆನಪಿಡಿ. ಗೀಟು ಸೇರಿದ ಒಂದೇ ಕೋಡ್ ಒಂದು ಥರ. ಸ್ವರ ಬೇರೆ, 0301 ಎಂಬ ಸೇರುವ ಗೀಟು ಬೇರೆ, ಇದು ಇನ್ನೊಂದು. ಕಣ್ಣಿಗೆ ಎರಡೂ ಒಂದೇ, ಹುಡುಕುವ ಕೋಡಿಗೆ ಬೇರೆ ಬೇರೆ. ಪಟ್ಟಿ ಓದುವಾಗಲೇ ಎಲ್ಲವನ್ನೂ ಮೊದಲನೆಯ ಥರಕ್ಕೆ, ಅಂದರೆ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಶೋನಾ ಮಾತಾಡುವವರು ಹುಡುಕುವಾಗ ಗೀಟು ಹಾಕುವುದಿಲ್ಲ, ಅವರ ಬರವಣಿಗೆಯಲ್ಲಿ ಗೀಟೇ ಇಲ್ಲವಲ್ಲ. ಆದ್ದರಿಂದ ಗೀಟು ತೆಗೆದ ರೂಪವನ್ನೂ ಜೊತೆಗೆ ಇಡಿ. ತೆಗೆಯುವಾಗ ಗೀಟನ್ನು ಸ್ವರದಿಂದ ಬೇರೆ ಮಾಡಿಕೊಂಡು 0300, 0301, 0302, 030ಸಿ ಈ ನಾಲ್ಕು ಟೋನ್ ಗುರುತುಗಳನ್ನು ಮಾತ್ರ ತೆಗೆಯಿರಿ. ಸೇರುವ ಗುರುತು ಸಿಕ್ಕಿದ್ದನ್ನೆಲ್ಲ ಅಳಿಸುವ ಕೋಡ್ ಹಾಕಿದರೆ ಕಿಕುಯುವಿನ ಅಲೆಗೀಟೂ, ಅಂದರೆ 0303, ಹೊರಟುಹೋಗುತ್ತದೆ. ಆಗ ಅದು ಬೇರೆಯೇ ಸ್ವರ.

ಸ್ಕ್ರೀನ್ ರೀಡರಿಗೆ ಏನು ಕೊಡಬೇಕು? ಎಸ್‌ವಿಜಿಯೊಳಗಿನ ಅಕ್ಷರಗಳನ್ನು ಹಾಗೇ ಓದಲು ಬಿಟ್ಟರೆ 'ಎಚ್ ಎಚ್ ಸೆ ಮ್ಬು ನ್ಡು ಡ್ಜಿ' ಎಂದು ಕೇಳಿಸುತ್ತದೆ. ಏನೂ ಪ್ರಯೋಜನ ಇಲ್ಲ. ಇಡೀ ಎಸ್‌ವಿಜಿ ಒಂದು ಚಿತ್ರ ಎಂದು ರೋಲ್ ಕೊಟ್ಟು, ಅದಕ್ಕೊಂದು ಚಿಕ್ಕ ಹೆಸರು ಕೊಡಿ. ವಿವರಣೆಯನ್ನು ಬಚ್ಚಿಡದೆ ಚಿತ್ರದ ಕೆಳಗೆ ಎಲ್ಲರಿಗೂ ಕಾಣುವ ಹಾಗೆ ಬರೆಯಿರಿ. ಅದೇ ಪಟ್ಟಿಯಿಂದ ಹೀಗೊಂದು ವಿವರಣೆ ತಾನಾಗೇ ಹುಟ್ಟುತ್ತದೆ: 'ಎರಡು ಎಚ್ ಇವೆ. ಮೊದಲನೆಯದು "ಸೆ"ಗೆ ಮಾತ್ರ ಸೇರಿದೆ. ಎರಡನೆಯದು "ಮ್ಬು", "ನ್ಡು", "ಡ್ಜಿ" ಮೂರಕ್ಕೂ ಸೇರಿದೆ.' ಮೊದಲ ಸಲ ಟೋನ್ ಕಲಿಯುವ ವಿದ್ಯಾರ್ಥಿಗೆ, ಕಣ್ಣು ಚೆನ್ನಾಗಿದ್ದರೂ, ಈ ಮೂರು ವಾಕ್ಯ ಬೇಕು. ಗೆರೆಗಳನ್ನು ಹೇಗೆ ಓದಬೇಕೆಂದು ಯಾರೂ ಹುಟ್ಟಿನಿಂದ ಕಲಿತು ಬಂದಿರುವುದಿಲ್ಲ. ಶೋನಾ ಪದ ಬರುವ ಕಡೆಯೆಲ್ಲ ಭಾಷೆಯ ಕೋಡ್ ಎಸ್‌ಎನ್ ಎಂದು ಕೊಡಿ, ಇಲ್ಲದಿದ್ದರೆ ಪುಟದ ಭಾಷೆಯ ಉಚ್ಚಾರದಲ್ಲೇ ಓದಿಬಿಡುತ್ತದೆ.

ಕನ್ನಡ ಆವೃತ್ತಿಗೆ ಬರುತ್ತೇನೆ. ಇದು ನನಗೆ ತುಂಬಾ ಇಷ್ಟವಾದ ಭಾಗ. ನಮ್ಮಲ್ಲಿ ವೇದದ ಪುಸ್ತಕಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕುವಾಗ ಅಕ್ಷರದ ಮೇಲೆ ನಿಂತ ಗೀಟು, ಕೆಳಗೆ ಮಲಗಿದ ಗೀಟು ಹಾಕುವ ಸಂಪ್ರದಾಯ ಇದೆ. ಯೂನಿಕೋಡಿನಲ್ಲಿ 0951, 0952 ಎಂದು ಅವುಗಳಿಗೆ ಕೋಡೂ ಇದೆ. ಕನ್ನಡ ಅಕ್ಷರದ ಜೊತೆಗೂ ಬಳಸಬಹುದು. ಹಾಗಾದರೆ ಶೋನಾದ ಏರಿಗೆ ಮೇಲಿನ ಗೀಟನ್ನೇ ಹಾಕಬಹುದಲ್ವಾ ಎಂದು ಥಟ್ಟನೆ ಹೊಳೆಯುತ್ತದೆ. ನಾನು ಬೇಡ ಅನ್ನುತ್ತೇನೆ. ಋಗ್ವೇದ, ತೈತ್ತಿರೀಯಗಳ ಆ ಪದ್ಧತಿಯಲ್ಲಿ ಏರು ದನಿಯಾದ ಉದಾತ್ತಕ್ಕೆ ಗುರುತೇ ಹಾಕುವುದಿಲ್ಲ. ಮೇಲಿನ ನಿಂತ ಗೀಟು ಸ್ವರಿತಕ್ಕೆ, ಕೆಳಗಿನದು ಅನುದಾತ್ತಕ್ಕೆ. ಯೂನಿಕೋಡಿನಲ್ಲಿ 0951ರ ಹೆಸರಲ್ಲಿ ಉದಾತ್ತ ಎಂದಿದ್ದರೂ ಬಳಕೆ ಹೆಚ್ಚಾಗಿ ಸ್ವರಿತಕ್ಕೇ. ಸ್ವರ ಸಹಿತ ಓದಲು ಬಲ್ಲವರು ನಿಮ್ಮ ಪುಟ ನೋಡಿದರೆ ದಾರಿ ತಪ್ಪುತ್ತಾರೆ. ಲ್ಯಾಟಿನ್ನಿನ ಓರೆ ಗೀಟು 0301 ಅನ್ನು ಕನ್ನಡ ಅಕ್ಷರದ ಮೇಲೆ ಹಾಕಿದರೆ ಎಷ್ಟೋ ಫಾಂಟುಗಳಲ್ಲಿ ಚುಕ್ಕೆ ವೃತ್ತ ಎದ್ದು ಬರುತ್ತದೆ.

ಹಾಗಾಗಿ ಕನ್ನಡ ಪುಟದಲ್ಲಿ ಪದವನ್ನು ಗುರುತಿಲ್ಲದೆ ಬರೆಯಿರಿ, ಏರನ್ನು ಚಿತ್ರವೇ ತೋರಿಸಲಿ. ಇಲ್ಲಿ ಕನ್ನಡ ಲಿಪಿ ಒಂದು ಉಪಕಾರ ಮಾಡುತ್ತದೆ. ನಮ್ಮ ಒಂದು ಅಕ್ಷರದಲ್ಲೇ ವ್ಯಂಜನವೂ ಸ್ವರವೂ ಕೂಡಿವೆ. ಗೆರೆ ಅಕ್ಷರದ ನಡುವಿಗೆ ಬಂದರೆ ಆಯಿತು, ಬಲ ತುದಿಯ ಲೆಕ್ಕ ಬೇಡ. ಆದರೆ ಸೊನ್ನೆಯ ಬಗ್ಗೆ ಎಚ್ಚರ. 'ಮ್ಬುಂಡುಡ್ಜಿ' ಎಂದು ಬರೆದಾಗ ಸೊನ್ನೆ ಮೊದಲ ಅಕ್ಷರಕ್ಕೆ ಅಂಟುತ್ತದೆ. ಶೋನಾದ ಉಚ್ಚಾರದಲ್ಲಿ ಆ ಅನುನಾಸಿಕ ಮುಂದಿನ ತುಂಡಿಗೆ ಸೇರಿದ್ದು. ಆದ್ದರಿಂದ ಮೇಲಿನ ಪಟ್ಟಿಯಲ್ಲಿ 'ಮ್ಬು, ನ್ಡು, ಡ್ಜಿ' ಎಂದು ಬಿಡಿಸಿ ಬರೆದೆ. ಚಿತ್ರದಲ್ಲಿ ಹಾಗೇ ಇರಲಿ, ಓದುವ ಸಾಲಿನಲ್ಲಿ ಸೊನ್ನೆ ಹಾಕಿದ ರೂಪ ಇರಲಿ. ಒಂದು ಅಕ್ಷರವನ್ನು ಎರಡು ಟ್ಯಾಗಿಗೆ ಹಂಚಬೇಡಿ, ಒತ್ತು ಕಳಚಿಕೊಳ್ಳುತ್ತದೆ.

ಭಾಷಾವಿಜ್ಞಾನದವರ ಮೂಲ ಫೈಲು ಲೇಟೆಕ್‌ನಲ್ಲಿ ಇದ್ದರೆ ಡಿವಿಐಎಸ್‌ವಿಜಿಎಂ ಎಂಬ ಸಾಧನ ಅದರಿಂದ ಬರುವ ಡಿವಿಐ ಫೈಲನ್ನು ಎಸ್‌ವಿಜಿ ಮಾಡಿಕೊಡುತ್ತದೆ. ಅಕ್ಷರಗಳನ್ನು ಬರೀ ಆಕಾರಗಳಾಗಿ ಬದಲಾಯಿಸುವ ಆಯ್ಕೆ ಅದರಲ್ಲಿದೆ. ಅದನ್ನು ಬಳಸಿದರೆ ಚಿತ್ರ ಎಲ್ಲ ಕಡೆ ಒಂದೇ ಥರ ಕಾಣುತ್ತದೆ, ಆದರೆ ಒಳಗೆ ಪಠ್ಯ ಉಳಿಯುವುದಿಲ್ಲ. ಒಂದೆರಡು ಚಿತ್ರಕ್ಕೆ ಸರಿ. ಇಡೀ ಪಾಠಮಾಲೆಗೆ ಪಟ್ಟಿಯ ದಾರಿಯೇ ವಾಸಿ.

ಮುಂದೆ ಉಗಾಂಡಾ ದೇಶದ ಲುಗಾಂಡಾದಂಥ ಭಾಷೆ ಸೇರಿಸುವ ಯೋಚನೆ ಇದ್ದರೆ ಈಗಲೇ ಮೂರನೇ ಸಾಲಿಗೆ ಜಾಗ ಇಟ್ಟುಕೊಳ್ಳಿ. ಅಲ್ಲಿ ದೀರ್ಘ ಸ್ವರಕ್ಕೆ ಎರಡು ಮಾತ್ರೆ, ಒತ್ತಿ ಹೇಳುವ ವ್ಯಂಜನದ ಅರ್ಧಕ್ಕೂ ಒಂದು ಮಾತ್ರೆ. ಟೋನ್ ಅಂಟುವುದು ಮಾತ್ರೆಗೆ. ನಡುವೆ ಮಾತ್ರೆಯ ಸಾಲು ಇಲ್ಲದೆ ಆ ಚಿತ್ರ ಬರೆಯಲು ಆಗುವುದಿಲ್ಲ.

ಪ್ರತಿ ಪದದ ಪಕ್ಕ ಶೋನಾ ಮಾತಾಡುವವರ ಧ್ವನಿ ಇರಲಿ, ಅವರ ಒಪ್ಪಿಗೆ ಪಡೆದೇ. ಜೊತೆಗೆ ಧ್ವನಿ ವಿಶ್ಲೇಷಣೆಯ ಪ್ರಾಟ್ ತಂತ್ರಾಂಶದಿಂದ ದನಿಯ ಏರಿಳಿತದ ರೇಖೆ ತೆಗೆದು ಹಾಕುವುದಾದರೆ, ಅದನ್ನು ಗೆರೆ ಚಿತ್ರದ ಮೇಲೆಯೇ ಹೊಂದಿಸಿ ಕೂರಿಸಬೇಡಿ. ಮಾತು ಮುಂದುವರಿದಂತೆ ಒಟ್ಟು ದನಿ ಕೆಳಗೆ ಜಾರುತ್ತದೆ. ವಾಕ್ಯದ ಕೊನೆಯ ಏರು ಮೊದಲಿನ ಇಳಿಗಿಂತ ಕೆಳಗಿರಬಹುದು. ರೇಖೆಗೆ ಅದರದೇ ಜಾಗ ಕೊಡಿ.

ಕೆಲಸ ಶುರು ಮಾಡುವಾಗ 'ನೆಹೊವೆ', 'ಸೆ' ಸೇರಿದ 'ಬೆಂಜಿಬ್ವುಂಜ', 'ಕುತೆಂಗೆಸೆರ' ಈ ಮೂರನ್ನು ಮಾತ್ರ ಮಾಡಿ. ಕತ್ತರಿಸುವುದು, ಉಳಿಯುವುದು, ಹರಡುವುದು ಮೂರೂ ಇದರಲ್ಲಿ ಬಂದುಬಿಡುತ್ತವೆ. ಒಂದು ಹಳೆಯ ಫೋನಿನಲ್ಲಿ ತೆರೆದು ನೋಡಿ. ಆಮೇಲೆ ಪಟ್ಟಿ ಸಮೇತ ಭಾಷಾವಿಜ್ಞಾನದವರಿಗೆ ಕಳಿಸಿ ಒಂದು ಪ್ರಶ್ನೆ ಕೇಳಿ. ಮೇಯುಸನ್ ನಿಯಮದಲ್ಲಿ ಎಚ್ ಬಿದ್ದಮೇಲೆ ಆ ಜಾಗದಲ್ಲಿ ಎಲ್ ಬರೆಯಬೇಕೋ, ಖಾಲಿ ಬಿಡಬೇಕೋ? ಇಳಿ ಎನ್ನುವುದು ಬೇರೆಯೇ ಒಂದು ಟೋನ್ ಎಂದು ಒಂದು ವಿಶ್ಲೇಷಣೆ, ಟೋನ್ ಇಲ್ಲದಿರುವುದೇ ಇಳಿ ಎಂದು ಇನ್ನೊಂದು. ಚಿತ್ರ ಎರಡಕ್ಕೂ ಬೇರೆ ಬೇರೆ. ಇದನ್ನು ನೀವು ಅಂದಾಜಿನಲ್ಲಿ ತೀರ್ಮಾನಿಸದೆ ಅವರಿಂದ ಬರೆಸಿಕೊಂಡು, ಉಳಿದ ಚಿತ್ರಗಳಿಗೆ ಕೈ ಹಾಕಿ.